ಹಿಂದಿ ಬಂತು, ಹದ ಬರಲಿಲ್ಲ

(ಹಿಂದಿಯನ್ನು ಚೆನ್ನಾಗಿ ಬಲ್ಲ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಹಿಂದಿ ಮಾತುಗಳನ್ನು ಉಚ್ಚಾರಕ್ಕೆ ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲೇ ಕೊಟ್ಟಿದೆ.)

ಇವತ್ತಿನ ಮಾತು ಹಿಂದಿ ಬಾರದವರಿಗಲ್ಲ. ವ್ಯಾಕರಣ ಮುಗಿಸಿದವರಿಗೆ, ಹಿಂದಿ ಪತ್ರಿಕೆಯನ್ನು ತಡವರಿಸದೆ ಓದುವವರಿಗೆ, ದೆಹಲಿಯದೋ ಲಖನೌದೋ ಕಚೇರಿಯ ಜೊತೆ ದಿನಾ ಫೋನಿನಲ್ಲಿ ವ್ಯವಹರಿಸುವವರಿಗೆ. ಇಂಥವರ ಹಿಂದಿಯಲ್ಲಿ ತಪ್ಪು ಹುಡುಕಿದರೆ ಸಿಗುವುದು ಕಡಿಮೆ. ಆದರೂ ಎದುರಿಗಿದ್ದವರು ನಾಲ್ಕು ವಾಕ್ಯ ಕೇಳಿ, "ಆಪ್ ಕೀ ಹಿಂದೀ ತೋ ಬಹುತ್ ಅಚ್ಛೀ ಹೈ" ಅಂದುಬಿಡುತ್ತಾರೆ. ಮೆಚ್ಚುಗೆ ನಿಜವೇ. ಆದರೆ ಆ ವಾಕ್ಯದಲ್ಲಿರುವ "ತೋ" ಗಮನಿಸಿ. "ನಿಮ್ಮ ಹಿಂದಿಯಂತೂ" ಎಂಬ ಅಚ್ಚರಿ ಅದರಲ್ಲಿದೆ. ಹೊರಗಿನವರು ಎಂದು ಗೊತ್ತಾದ ಮೇಲೆಯೇ ಈ ಮಾತು ಬರುವುದು. ಬನಾರಸಿನವರಿಗೆ ಯಾರೂ ಹೀಗೆ ಹೇಳುವುದಿಲ್ಲ.

ಗುರುತು ಸಿಕ್ಕಿದ್ದು ಎಲ್ಲಿ? ಒಂದೇ ಅರ್ಥದ, ವ್ಯಾಕರಣಕ್ಕೆ ಸರಿಯಾಗಿಯೇ ಇರುವ ಐದು ವಾಕ್ಯಗಳಲ್ಲಿ ನೀವು ಯಾವುದನ್ನು ಆರಿಸಿಕೊಂಡಿರಿ ಎಂಬಲ್ಲಿ. ಕನ್ನಡಿಗರಿಗೆ ಹಿಂದಿ ಬರುವುದು ಸಾಮಾನ್ಯವಾಗಿ ಮೂರು ಬಾಗಿಲಿಂದ. 1918ರಲ್ಲಿ ಮದ್ರಾಸಿನಲ್ಲಿ ಶುರುವಾದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳು ಮತ್ತು ಶಾಲೆಯ ಪಾಠ ಒಂದು. ಕಲಬುರಗಿ, ಬೀದರ್, ಹುಬ್ಬಳ್ಳಿ, ಬೆಂಗಳೂರಿನ ಶಿವಾಜಿನಗರದಲ್ಲಿ ಕಿವಿಗೆ ಬೀಳುವ ದಖನಿ, ಅಂದರೆ ದಕ್ಷಿಣದ ಉರ್ದು-ಹಿಂದಿ, ಇನ್ನೊಂದು. ಸಿನಿಮಾ, ಟಿವಿ ಮೂರನೆಯದು. ಮೊದಲನೆಯದು ಗ್ರಂಥದಂತೆ ಮಾತಾಡಿಸುತ್ತದೆ, ಇನ್ನೊಂದು "ಮೇರೇ ಕೋ ನಕ್ಕೋ" ಅನ್ನಿಸುತ್ತದೆ, ಮೂರನೆಯದು ಮುಂಬೈ ಮಾತನ್ನು ಬಾಯಿಗಿಡುತ್ತದೆ. ದಖನಿ ಕೆಟ್ಟ ಹಿಂದಿಯಲ್ಲ, ಬಿಜಾಪುರದ ಆಸ್ಥಾನದಲ್ಲಿ ಕಾವ್ಯ ಕಟ್ಟಿದ ಭಾಷೆ ಅದು. ಅದರ ಜಾಗ ಬೇರೆ, ಅಷ್ಟೇ.

ಇವುಗಳ ಮೇಲೆ ಈಚಿನ ತೊಂದರೆಯೊಂದಿದೆ. ಓದಿದವರು ಹಿಂದಿ ಮಾತಾಡುವಾಗ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿ ಅದನ್ನು ಹಿಂದಿಗೆ ಇಳಿಸುತ್ತಾರೆ. "ಕ್ಯಾ ಆಪ್ ಮುಝೇ ಬತಾ ಸಕ್ತೇ ಹೈಂ ಕಿ..." ಎಂದು ಶುರುವಾಗುವ ಮಾತೆಲ್ಲ ಆ ದಾರಿಯದು. ನನ್ನ ವಾದ ಸರಳ: ಹಿಂದಿಯ ನಯ, ಬಿಗಿ, ಕೊಂಕು, ಸಲಿಗೆ, ಇವುಗಳಿಗೆ ಬೇಕಾದ ಸಲಕರಣೆ ಬಹುಪಾಲು ಕನ್ನಡದಲ್ಲೇ ಇದೆ. ಇಂಗ್ಲಿಷನ್ನು ನಡುವೆ ತರದೆ ಕನ್ನಡದಿಂದ ನೇರ ಹೋದರೆ ಅರ್ಧ ದಾರಿ ಸವೆಯುತ್ತದೆ. ಉಳಿದರ್ಧದಲ್ಲಿ ಕನ್ನಡವೇ ನಮ್ಮನ್ನು ಹಳ್ಳಕ್ಕೆ ಕೆಡವುತ್ತದೆ. ಎಲ್ಲೆಲ್ಲಿ ಎಂಬುದನ್ನೂ ನೋಡೋಣ.

ಕೊಳ್ಳು, ಕೊಡು, ಬಿಡು

ಹಿಂದಿ ಕಲಿಯುವ ವಿದೇಶೀಯರು ವರ್ಷಗಟ್ಟಲೆ ಒದ್ದಾಡುವ ವಿಷಯ ಜೋಡಿ ಕ್ರಿಯಾಪದ. "ಲಿಖೋ", "ಲಿಖ್ ಲೋ", "ಲಿಖ್ ದೋ" ಇವುಗಳ ನಡುವಿನ ವ್ಯತ್ಯಾಸ ಅವರಿಗೆ ಪುಟಗಟ್ಟಲೆ ವಿವರಿಸಬೇಕು. ನಮಗೆ ಒಂದು ಸಾಲು ಸಾಕು: ಬರಿ, ಬರೆದುಕೋ, ಬರೆದುಕೊಡು. ಕೊಳ್ಳು ಇದ್ದಲ್ಲಿ "ಲೇನಾ", ಕೊಡು ಇದ್ದಲ್ಲಿ "ದೇನಾ". ಫೋನ್ ನಂಬರ್ ಹೇಳುವಾಗ "ಲಿಖಿಯೇ" ಅಂದರೆ ಶಾಲೆಯ ಉಕ್ತಲೇಖನದ ಹಾಗೆ ಕೇಳುತ್ತದೆ. "ಲಿಖ್ ಲೀಜಿಯೇ" ಅಂದರೆ ಬರ್ಕೊಳ್ಳಿ.

"ಬಿಡು" ಸ್ವಲ್ಪ ಎಚ್ಚರ ಬೇಡುತ್ತದೆ. ನಮಗೆ ಒಂದೇ ಬಿಡು. ಹಿಂದಿಯಲ್ಲಿ ಮುಖ್ಯ ಕ್ರಿಯಾಪದ ನೋಡಿ ಅದು ಬದಲಾಗುತ್ತದೆ. ಬಂದುಬಿಟ್ಟ, "ಆ ಗಯಾ". ಹೇಳಿಬಿಟ್ಟ, "ಕಹ್ ದಿಯಾ". ಬಿದ್ದುಬಿಟ್ಟ, "ಗಿರ್ ಪಡಾ" ಅಥವಾ "ಗಿರ್ ಗಯಾ". ಇಲ್ಲಿಂದ ಮುಂದೆ ಹಿಂದಿ ಇನ್ನೂ ಸಣ್ಣದಾಗಿ ಹೆಚ್ಚುತ್ತದೆ. "ಕಹ್ ದಿಯಾ" ಅಂದರೆ ಹೇಳಿ ಮುಗಿಸಿದೆ. "ಕಹ್ ಡಾಲಾ" ಅಂದರೆ ತಡೆಯದೆ ಎಲ್ಲವನ್ನೂ ಹೊರಹಾಕಿದೆ. "ಕಹ್ ಬೈಠಾ" ಅಂದರೆ ಹೇಳಬಾರದ್ದನ್ನು ಬಾಯಿತಪ್ಪಿ ಹೇಳಿದೆ, ಈಗ ಪೇಚಾಟ. "ಬೋಲ್ ಉಠಾ" ಅಂದರೆ ಸುಮ್ಮನಿದ್ದವನು ಥಟ್ಟನೆ ಬಾಯಿಬಿಟ್ಟ. ಮೀಟಿಂಗಿನಲ್ಲಿ ನಡೆದದ್ದನ್ನು ವಿವರಿಸುವಾಗ ಈ ನಾಲ್ಕರಲ್ಲಿ ಒಂದನ್ನು ಆರಿಸಿದ ಕೂಡಲೇ ನಿಮ್ಮ ತೀರ್ಪೂ ಹೇಳಿದಂತಾಯಿತು. ವಿಶೇಷಣ ಬೇಕೇ ಇಲ್ಲ.

ಇಲ್ಲಿ ಆಗುವ ತಪ್ಪು ಎರಡು. ಒಂದು, ಭೂತಕಾಲದಲ್ಲಿ ಕರ್ತೃವಿಗೆ ಹತ್ತುವ "ನೇ". "ಬೈಠನಾ", "ಜಾನಾ", "ಪಡನಾ", "ಉಠನಾ" ಜೊತೆಗೂಡಿದರೆ ಮುಖ್ಯ ಕ್ರಿಯೆ ಸಕರ್ಮಕವಾಗಿದ್ದರೂ "ನೇ" ಬಿಟ್ಟುಹೋಗುತ್ತದೆ: "ಮೈನೇ ಕಹ್ ಡಾಲಾ", ಆದರೆ "ಮೈಂ ಕಹ್ ಬೈಠಾ". "ಉಸ್ ನೇ ಸಬ್ ಖಾ ಲಿಯಾ", ಆದರೆ "ವೋ ಸಬ್ ಖಾ ಗಯಾ". ಎರಡು, ನಿಷೇಧ. ಇಲ್ಲ ಎಂದು ಹೇಳುವಾಗ ಜೋಡಿ ಸಾಮಾನ್ಯವಾಗಿ ಕಳಚುತ್ತದೆ. "ಖಾ ಲಿಯಾ" ಎಂಬುದರ ಎದುರು "ನಹೀಂ ಖಾಯಾ", "ನಹೀಂ ಖಾ ಲಿಯಾ" ಅಲ್ಲ. ಕನ್ನಡದ ಕಿವಿ ಇಲ್ಲಿ ಸಹಾಯಕ್ಕೆ ಬರುತ್ತದೆ: "ನಾನು ಹೇಳಿಬಿಡಲಿಲ್ಲ" ಅಂದರೆ ನಮಗೂ ಕಿರಿಕಿರಿ ಅಲ್ಲವೆ?

ತಪ್ಪೊಪ್ಪಿಗೆಯ ವ್ಯಾಕರಣವೂ ಹತ್ತಿರದ್ದು. "ಮೈನೇ ಗಿಲಾಸ್ ತೋಡ್ ದಿಯಾ" ಅಂದರೆ ಬೇಕೆಂದೇ ಒಡೆದಂತೆ. "ಮುಝ್ ಸೇ ಗಿಲಾಸ್ ಟೂಟ್ ಗಯಾ" ಅಂದರೆ ನನ್ನ ಕೈಯಿಂದ ಲೋಟ ಒಡೆದುಹೋಯಿತು. ಕಚೇರಿಯಲ್ಲಿ ಇದರ ಬೆಲೆ ಹೆಚ್ಚು. "ಮೈನೇ ರಿಪೋರ್ಟ್ ನಹೀಂ ಭೇಜೀ" ಎಂಬ ಮಾತಿಗೆ ಕಳಿಸಲಿಲ್ಲ, ಏನೀಗ ಎಂಬ ಧಾಟಿ ಅಂಟಿಕೊಳ್ಳಬಹುದು. "ಮೈಂ ಭೇಜ್ ನಹೀಂ ಪಾಯಾ" ಅಂದರೆ ಪ್ರಯತ್ನಪಟ್ಟೆ, ಕಳಿಸೋಕಾಗಲಿಲ್ಲ. "ರಿಪೋರ್ಟ್ ಭೇಜನಾ ರಹ್ ಗಯಾ" ಅಂದರೆ ಕಳಿಸುವುದು ಉಳಿದುಹೋಯಿತು. ಮೂರನೆಯದರಲ್ಲಿ ಕರ್ತೃವೇ ನಾಪತ್ತೆ. ಜಾಣತನದ ವಾಕ್ಯ, ಪದೇ ಪದೇ ಬಳಸಿದರೆ ಎದುರಿನವರೂ ಜಾಣರೇ.

ಕೇಳಿಕೊಳ್ಳುವ ಮೆಟ್ಟಿಲುಗಳು

ಒಂದೇ ಕೆಲಸ ತೆಗೆದುಕೊಳ್ಳಿ: ಫೈಲ್ ಕಳಿಸಿಕೊಡಿ. "ಭೇಜೋ" ಅಂದರೆ ಆಜ್ಞೆ, "ತುಮ್" ಅನ್ನಬಹುದಾದವರಿಗೆ. "ಭೇಜ್ ದೋ" ಅದೇ ಸಲಿಗೆ, ಒರಟು ಕಡಿಮೆ. "ಭೇಜಿಯೇ" ಎಂಬಲ್ಲಿ ಬಹುವಚನದ ಗೌರವವಿದೆ, ಆದರೂ ಆದೇಶವೇ. ನಮ್ಮವರು ಮರ್ಯಾದೆ ಆಯಿತಲ್ಲ ಎಂದು ಇಲ್ಲೇ ನಿಂತುಬಿಡುತ್ತಾರೆ. "ಭೇಜ್ ದೀಜಿಯೇ" ಅಂದಾಗ ಕೊಡು ಸೇರಿಕೊಂಡು ನಯವಾಗುತ್ತದೆ. "ಭೇಜ್ ದೀಜಿಯೇಗಾ" ಅಂದಾಗ ಆ "ಗಾ" ಕೆಲಸವನ್ನು ಸ್ವಲ್ಪ ಮುಂದಕ್ಕೆ ತಳ್ಳುತ್ತದೆ, ಬಿಡುವಾದಾಗ ಎಂಬ ಅವಕಾಶ ಕೊಡುತ್ತದೆ. ಹಾಗಾಗಿಯೇ ಎದುರಿಗೆ ನಿಂತವರಿಗೆ ಕುರ್ಚಿ ತೋರಿಸಿ "ಬೈಠಿಯೇಗಾ" ಅನ್ನುವುದು ಹೊಂದುವುದಿಲ್ಲ; ಅಲ್ಲಿ "ಬೈಠಿಯೇ" ಅಥವಾ "ಬೈಠಿಯೇ ನಾ". "ಭೇಜ್ ದೇಂ" ಬರಹದ, ಇಮೇಲಿನ ರೂಪ. "ಭೇಜ್ ದೇನಾ" ಆಮೇಲೆ ಮರೆಯದೆ ಕಳಿಸು ಎಂಬ ಸಲಿಗೆಯ ಮಾತು.

"ಕೃಪಯಾ" ಬರಹಕ್ಕೆ, ಫಲಕಕ್ಕೆ, ರೈಲ್ವೆ ಘೋಷಣೆಗೆ. ಬಾಯಿಮಾತಿನಲ್ಲಿ ಅದರ ಕೆಲಸವನ್ನು "ಜರಾ" ಮಾಡುತ್ತದೆ: "ಜರಾ ದೇಖ್ ಲೀಜಿಯೇಗಾ". ನಮ್ಮ "ಸ್ವಲ್ಪ ನೋಡಿ"ಯಲ್ಲಿರುವ ಸ್ವಲ್ಪ ಇದೇ. ಅಳತೆಗೂ ಅದಕ್ಕೂ ಸಂಬಂಧವಿಲ್ಲ.

"ಸಕ್ನಾ" ಹಾಕಿದರೆ ವಿನಯ ಬರುತ್ತದೆ ಎಂಬುದು ಇಂಗ್ಲಿಷಿನಿಂದ ಬಂದ ನಂಬಿಕೆ. ಬಾಗಿಲಲ್ಲಿ ನಿಂತು "ಕ್ಯಾ ಮೈಂ ಅಂದರ್ ಆ ಸಕ್ತಾ ಹೂಂ" ಅನ್ನುವುದು ತರಗತಿಯ ಮಾತು. "ಅಂದರ್ ಆ ಜಾಊಂ?" ಅಂದರೆ ಒಳಗೆ ಬರಲಾ? ಅಷ್ಟೇ. ಅಂಗಡಿಯಲ್ಲಿ, ಕ್ಯಾಂಟೀನಿನಲ್ಲಿ "ಏಕ್ ಚಾಯ್ ಮಿಲ್ ಜಾಏಗೀ?" ಅಂದರೆ ಒಂದು ಟೀ ಸಿಗುತ್ತಾ ಎಂಬುದೇ. ಹಿರಿಯ ಅಧಿಕಾರಿಯ ಬಳಿ ಹೋದಾಗ "ಮುಝೇ ಆಪ್ ಸೇ ಏಕ್ ಕಾಮ್ ಥಾ". ಕೆಲಸ ಈಗ ಇದೆ, ಮಾತು ಭೂತಕಾಲದಲ್ಲಿದೆ. ನಾವೂ "ನಿಮ್ಮಿಂದ ಒಂದು ಕೆಲಸ ಆಗಬೇಕಿತ್ತು" ಅನ್ನುತ್ತೇವಲ್ಲ. ಭಿನ್ನಾಭಿಪ್ರಾಯ ಹೇಳುವಾಗ "ಮೈಂ ಯೇ ಕಹ್ ರಹಾ ಥಾ ಕಿ..." ಎಂದು ಶುರುಮಾಡುವುದೂ ಇದೇ ಉಪಾಯ.

ಹೊರಡುವಾಗ "ಮೈಂ ಜಾ ರಹಾ ಹೂಂ" ಎಂದರೆ ಕೋಪಿಸಿಕೊಂಡು ಎದ್ದಂತೆ ಕೇಳಬಹುದು. "ಅಚ್ಛಾ, ಚಲ್ತಾ ಹೂಂ", ಹಿರಿಯರ ಮುಂದೆ "ಅಬ್ ಇಜಾಜತ್ ದೀಜಿಯೇ" ಅಥವಾ "ಆಜ್ಞಾ ದೀಜಿಯೇ". ಬರುತ್ತೇನೆ ಎಂದು ಹೇಳಿ ಹೋಗುವ ಜನ ನಾವು. ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನೀನು, ನೀವು, ಮತ್ತು ನಡುವಿನದೊಂದು

ಕನ್ನಡ ನಮ್ಮನ್ನು ಕೆಡವುವ ಮೊದಲ ಜಾಗ ಇದು. ನಮ್ಮದು ಎರಡು ಅಂತಸ್ತು, ಹಿಂದಿಯದು ಮೂರು. ನೀನು ಅನ್ನುವಷ್ಟು ಸಲಿಗೆ ಬಂತೆಂದು "ತೂ" ಅಂದರೆ ಎರಡು ಮೆಟ್ಟಿಲು ಒಟ್ಟಿಗೆ ಇಳಿದ ಹಾಗೆ. "ತೂ" ದೇವರಿಗೆ, ಎಷ್ಟೋ ಮನೆಗಳಲ್ಲಿ ತಾಯಿಗೆ, ಎಳೆಯ ಮಕ್ಕಳಿಗೆ, ಚಡ್ಡಿ ದೋಸ್ತರಿಗೆ, ಮತ್ತು ಜಗಳಕ್ಕೆ. ಮುಂಬೈಯಲ್ಲಿ ಅದು ಇಷ್ಟು ಚುಚ್ಚುವುದಿಲ್ಲ, ಅಲಹಾಬಾದಿನಲ್ಲಿ ಚುಚ್ಚುತ್ತದೆ. ಹೊರಗಿನವರು "ತೂ"ವನ್ನು ತಾವಾಗಿ ಶುರುಮಾಡದಿರುವುದು ಕ್ಷೇಮ. "ತುಮ್" ಕೂಡ ಸ್ಪಷ್ಟವಾಗಿ ಕಿರಿಯರಿಗೆ, ಗೆಳೆಯರಿಗೆ. ಆಟೊ ಚಾಲಕ, ಹೋಟೆಲ್ ಮಾಣಿ, ಮನೆಗೆಲಸದವರಿಗೆ "ತುಮ್" ಅನ್ನುವವರು ಅಲ್ಲಿ ಬಹಳ ಮಂದಿ. ನೀವು "ಆಪ್" ಅಂದರೆ ಯಾರೂ ನಗುವುದಿಲ್ಲ, ಕೆಲಸವೂ ಬೇಗ ಆಗುತ್ತದೆ.

ಮೆಟ್ಟಿಲು ಬದಲಾಯಿಸುವುದೇ ಒಂದು ಮಾತು. ಮಾತಿನ ನಡುವೆ "ಆಪ್" ಇದ್ದದ್ದು "ತುಮ್" ಆದರೆ ಅವಮಾನ. "ತುಮ್" ಅನ್ನುತ್ತಿದ್ದ ಹೆಂಡತಿಯೋ ಗೆಳೆಯನೋ ಇದ್ದಕ್ಕಿದ್ದಂತೆ "ಆಪ್" ಅಂದರೆ ಮುನಿಸು. ಲಖನೌ ಕಡೆಯ ಹಳೆಯ ಮನೆಗಳಲ್ಲಿ ಪುಟ್ಟ ಮಕ್ಕಳಿಗೂ "ಆಪ್" ಅನ್ನುತ್ತಾರೆ. ಅದು ಕೊಂಕಲ್ಲ, ಮಗುವಿಗೆ ಮಾತು ಕಲಿಸುವ ಕ್ರಮ. ಪೂರ್ವ ಉತ್ತರ ಪ್ರದೇಶ, ಬಿಹಾರದವರು "ಮೈಂ" ಬದಲು "ಹಮ್" ಅಂದರೆ ಅದರಲ್ಲಿ ಜಂಭವಿಲ್ಲ, ಅಲ್ಲಿಯ ರೂಢಿ. ದೆಹಲಿಯಲ್ಲಿ ಪಂಜಾಬಿ ನೆರಳಿನ "ಆಪ್ ಕರೋ", "ಆಪ್ ಬೈಠೋ" ಎಲ್ಲೆಡೆ ಕೇಳುತ್ತದೆ. ಆತ್ಮೀಯವಾದದ್ದೇ, ಆದರೆ ಬರಹದಲ್ಲಿ ಸಲ್ಲದು, ಲಖನೌದಲ್ಲಿ ಹುಬ್ಬೇರುತ್ತದೆ.

ಗೈರುಹಾಜರಿಯವರ ಬಗ್ಗೆ ಮಾತಾಡುವಾಗ ನಾವು "ಅವರು ಬಂದಿದ್ದಾರೆ" ಎಂದು ಸರ್ವನಾಮ, ಕ್ರಿಯಾಪದ ಎರಡನ್ನು ಸರಿಮಾಡಿಕೊಂಡರೆ ಸಾಕು. ಹಿಂದಿಯಲ್ಲಿ "ನನ್ನ" ಎಂಬುದೂ ಬಾಗಬೇಕು: "ಮೇರೇ ಪಿತಾಜೀ ಆಯೇ ಹೈಂ". "ಮೇರಾ ಪಿತಾಜೀ" ಎಂಬಲ್ಲಿ ನಾವು ಸಿಕ್ಕಿಬೀಳುತ್ತೇವೆ. ಇನ್ನೊಂದು ಸೂಕ್ಷ್ಮ: ಹಿರಿಯ ಸಹೋದ್ಯೋಗಿಯ ಮಗ ಶಾಲೆಗೆ ಹೋಗುವ ಹುಡುಗನಾದರೆ "ಆಪ್ ಕಾ ಬೇಟಾ ಕಿಸ್ ಕ್ಲಾಸ್ ಮೇಂ ಹೈ" ಸರಿ. ಅದೇ ಮಗ ನೌಕರಿಯಲ್ಲಿದ್ದರೆ "ಆಪ್ ಕೇ ಬೇಟೇ ಕ್ಯಾ ಕರ್ತೇ ಹೈಂ". ಮಗ ಒಬ್ಬನೇ, ಮಾತು ಬಹುವಚನ. ಹೆಂಗಸರ ವಿಷಯದಲ್ಲಿ ಭೂತಕಾಲ ಒಂಟಿಯಾಗಿ ಬಂದಾಗ ಅನುಸ್ವಾರವೇ ಗೌರವ: "ಬಹನ್ ಆಈ", "ಮಾತಾಜೀ ಆಈಂ".

ಬಿಡಿ ಸಂಬೋಧನೆಗಳಲ್ಲಿ ಎರಡು ಮಾತ್ರ ಹೇಳುತ್ತೇನೆ. "ಬಹನ್ ಜೀ" ಪುಸ್ತಕದಲ್ಲಿ ಗೌರವವೇ, ದೆಹಲಿಯ ಕಾಲೇಜು ಹುಡುಗಿಯರ ಕಿವಿಗೆ ಅದು ಹಳೇ ಫ್ಯಾಷನ್ ಎಂಬ ಕುಚೋದ್ಯ. "ಮೇಡಮ್" ಅಥವಾ "ದೀದೀ" ವಾಸಿ. "ಭೈಯಾ" ದೆಹಲಿಯಲ್ಲಿ ಎಲ್ಲರಿಗೂ ಸಲ್ಲುತ್ತದೆ, ಮುಂಬೈಯಲ್ಲಿ ಅದೇ ಪದ ಉತ್ತರದಿಂದ ಬಂದ ಕೂಲಿಯವರನ್ನು ಹೀಗಳೆಯುವ ಹೆಸರೂ ಆಗಿದೆ.

ಬೇಕು ನಾಲ್ಕಾಗುವ ಬಗೆ

ಹೋಗಬೇಕು ಎಂಬುದು ನಮಗೆ ಒಂದೇ. ಹಿಂದಿಯಲ್ಲಿ "ಜಾನಾ ಹೈ" ಅಂದರೆ ಹೋಗುವುದು ನಿಶ್ಚಯವಾಗಿದೆ. "ಜಾನಾ ಪಡೇಗಾ" ಅಂದರೆ ಇಷ್ಟವಿಲ್ಲ, ಗತಿಯಿಲ್ಲ. "ಜಾನಾ ಹೋಗಾ" ಅಂದರೆ ಹೋಗಲೇಬೇಕಾದೀತು. "ಜಾನಾ ಚಾಹಿಯೇ" ಅಂದರೆ ಹೋಗುವುದು ಒಳ್ಳೆಯದು ಎಂಬ ಸಲಹೆ ಅಥವಾ ನೀತಿ. ನಮ್ಮವರು ಶಾಲೆಯಲ್ಲಿ ಬೇಕು ಅಂದರೆ "ಚಾಹಿಯೇ" ಎಂದು ಕಲಿತು, ಟ್ರೇನಿಗೆ ಹೊತ್ತಾಯಿತೆಂದು "ಮುಝೇ ಜಾನಾ ಚಾಹಿಯೇ" ಅನ್ನುತ್ತಾರೆ. ಕೇಳಿದವರಿಗೆ ಇವರು ತಮಗೆ ತಾವೇ ಬುದ್ಧಿ ಹೇಳಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. ಮದುವೆಗೆ ಕರೆದವರಿಗೆ "ಆನಾ ಪಡೇಗಾ" ಅಂದುಬಿಟ್ಟರಂತೂ ಕೆಟ್ಟಿತು. ವಿಚಿತ್ರವೆಂದರೆ ಕರೆಯುವವರು ನಗುತ್ತಾ "ಆಪ್ ಕೋ ತೋ ಆನಾ ಹೀ ಪಡೇಗಾ" ಅನ್ನಬಹುದು. ಬರುವವರು ಅನ್ನುವ ಹಾಗಿಲ್ಲ.

ಬೇಡವೂ ಹೀಗೇ ಒಡೆಯುತ್ತದೆ. ಬಡಿಸಲು ಬಂದವರಿಗೆ "ನಹೀಂ ಚಾಹಿಯೇ" ಅಂದರೆ ಮುಖಕ್ಕೆ ಹೊಡೆದಂತೆ, ಅದು ಬಾಗಿಲಿಗೆ ಬಂದ ಮಾರಾಟಗಾರನಿಗೆ ಹೇಳುವ ಮಾತು. ಎಲೆಯ ಮುಂದೆ "ಬಸ್, ಬಸ್" ಎಂದು ಕೈ ಅಡ್ಡ ಹಿಡಿಯಬೇಕು, ನಮ್ಮ ಸಾಕು ಅದೇ. ಯಾರಾದರೂ ನಿಮ್ಮ ಚೀಲ ಹಿಡಿಯಲು ಬಂದರೆ "ರಹನೇ ದೀಜಿಯೇ". ಮಾಡಬೇಡಿ ಎನ್ನಲು "ಮತ್ ಕೀಜಿಯೇ" ನೇರ, "ನ ಕರೇಂ" ಮೆದು.

ಹೇಳು ಮತ್ತು ಕೇಳು ನಮ್ಮ ಎರಡು ದೊಡ್ಡ ಶತ್ರುಗಳು. ಹೇಳು ಎಂಬುದು "ಕಹನಾ", "ಬತಾನಾ", "ಬೋಲ್ನಾ" ಎಂದು ಒಡೆಯುತ್ತದೆ. ತಿಳಿಯದ ಸಂಗತಿ ತಿಳಿಸಿದರೆ "ಉಸ್ ನೇ ಮುಝೇ ಬತಾಯಾ", ಮಾತು ಆಡಿದರೆ "ಉಸ್ ನೇ ಮುಝ್ ಸೇ ಕಹಾ". "ಮೇರೇ ಕೋ ಬೋಲಾ" ದಕ್ಷಿಣದ್ದು, ಮುಂಬೈಯದು. ಫೋನ್ ಎತ್ತಿ "ಬೋಲೋ" ಅಂದರೆ ಒರಟು, "ಜೀ, ಬತಾಇಯೇ" ಹಿತ. "ಫರ್ಮಾಇಯೇ" ಎಂಬುದನ್ನು ಇವತ್ತು ಬಹುಪಾಲು ತಮಾಷೆಗೇ ಬಳಸುತ್ತಾರೆ. ಅದು ಎದುರಿನವರ ಮಾತಿಗೆ ಮಾತ್ರ. ತನ್ನ ಮಾತಿಗೆ "ಅರ್ಜ್ ಕರ್ನಾ". "ಮೈಂ ಫರ್ಮಾ ರಹಾ ಥಾ" ಅಂದರೆ ಸಭೆ ನಗುತ್ತದೆ. ಕೇಳು ಅನ್ನುವುದು ಪ್ರಶ್ನೆಯಾದರೆ "ಪೂಛ್ನಾ", ವಸ್ತುವಾದರೆ "ಮಾಂಗ್ನಾ", ಕಿವಿಯಾದರೆ "ಸುನ್ನಾ". ಮೊದಲೆರಡಕ್ಕೂ "ಸೇ": "ಉನ್ ಸೇ ಪೂಛಿಯೇ". ಅವರನ್ನು ಕೇಳಿ ಎಂಬ ದ್ವಿತೀಯೆ ನಮ್ಮನ್ನು "ಉನ್ ಕೋ ಪೂಛಿಯೇ"ಗೆ ಎಳೆಯುತ್ತದೆ.

ಪರವಾಗಿಲ್ಲ ಎಂಬುದರ ಕಥೆ ಕೇಳಿ. ಯಾರಾದರೂ ಕ್ಷಮೆ ಕೇಳಿದಾಗ ನಮ್ಮ ಪರವಾಗಿಲ್ಲವನ್ನು "ಪರ್ವಾಹ್ ನಹೀಂ" ಎಂದು ಹಿಂದಿಗೆ ತಂದರೆ ಅರ್ಥ "ನನಗೇನೂ ಲೆಕ್ಕಕ್ಕಿಲ್ಲ" ಎಂದಾಗುತ್ತದೆ. ಬೇಕಾದ್ದು "ಕೋಈ ಬಾತ್ ನಹೀಂ". ಊಟ ಹೇಗಿತ್ತು ಎಂದರೆ ಹೇಳುವ ಪರವಾಗಿಲ್ಲಕ್ಕೆ "ಠೀಕ್-ಠಾಕ್ ಥಾ".

ಅವ್ಯಯಗಳಲ್ಲಿ ಮತ್ತೆ ಕನ್ನಡ ಕೈಹಿಡಿಯುತ್ತದೆ. ನಮ್ಮ ಏ, ಊ, ಅಂತೂ ಮೂರೂ ಸರಿಸುಮಾರು "ಹೀ", "ಭೀ", "ತೋ". "ಮೈಂ ತೋ ನಹೀಂ ಜಾಊಂಗಾ", ನಾನಂತೂ ಹೋಗಲ್ಲ. "ಚಾಯ್ ಹೀ ಸಹೀ", ಟೀನೇ ಆಗಲಿ. ನಿರಾಕರಣೆಗೆ "ಮೈನೇ ಥೋಡೀ ಕಹಾ" ಅನ್ನುತ್ತಾರಲ್ಲ, ಅದರ "ಥೋಡೀ"ಗೆ ಸ್ವಲ್ಪ ಎಂಬ ಅರ್ಥವಿಲ್ಲ. ನಾನೆಲ್ಲಿ ಹೇಳಿದೆ ಎಂಬಲ್ಲಿನ ಎಲ್ಲಿ ಅದು. ಸಲಿಗೆ ಇರುವವರ ಜೊತೆ ಮಾತ್ರ.

ಪದಗಳ ಬಣ್ಣ

ಸಂಸ್ಕೃತದ ಪದಗಳು ಗೊತ್ತಿರುವುದು ನಮ್ಮ ಬಲ, ಅದೇ ಕಾಲಿಗೆ ತೊಡರು ಕೂಡ. "ಮೈಂ ಆಪ್ ಕೀ ಪ್ರತೀಕ್ಷಾ ಕರ್ ರಹಾ ಥಾ" ತಪ್ಪಲ್ಲ, ಪೌರಾಣಿಕ ಧಾರಾವಾಹಿಯ ಸಂಭಾಷಣೆ. ಮಾತಿನಲ್ಲಿ "ಇಂತಜಾರ್". ಆವಶ್ಯಕ್ ಅಲ್ಲ "ಜರೂರೀ", ಪ್ರಯತ್ನ್ ಅಲ್ಲ "ಕೋಶಿಶ್", ವಿವಾಹ್ ಅಲ್ಲ "ಶಾದೀ". ಸರ್ಕಾರಿ ಬರಹ ಬೇರೆ ಲೋಕ. ಸಂವಿಧಾನದ 351ನೇ ವಿಧಿಯೇ ಹಿಂದಿಯ ಪದಸಂಪತ್ತಿಗೆ ಮುಖ್ಯವಾಗಿ ಸಂಸ್ಕೃತದಿಂದ ತೆಗೆದುಕೊಳ್ಳಲು ಹೇಳುತ್ತದೆ, ಅದೇ ವಿಧಿ ಹಿಂದೂಸ್ತಾನಿಯ ಶೈಲಿಯನ್ನೂ ಅರಗಿಸಿಕೊಳ್ಳಲು ಹೇಳುತ್ತದೆ. ಕಡತದವರು ಮೊದಲರ್ಧ ಹಿಡಿದರು, ಬೀದಿಯವರು ಎರಡನೆಯದನ್ನು. ಬ್ಯಾಂಕಿನ ಹಿಂದಿ ಪಖವಾಡಾದಲ್ಲಿ (ಹದಿನೈದು ದಿನದ ಹಿಂದಿ ಆಚರಣೆಯಲ್ಲಿ) ಬಹುಮಾನ ಗೆದ್ದ ಭಾಷೆಯನ್ನು ಗ್ರಾಹಕರ ಮುಂದೆ ಬಳಸಬೇಡಿ.

ಇನ್ನೂ ಅಪಾಯದ್ದು ರೂಪ ಒಂದೇ, ಅರ್ಥ ಬೇರೆಯಾದವು. ನೀವೀಗ ಓದುತ್ತಿರುವುದು ಉಪನ್ಯಾಸ. ಹಿಂದಿಯಲ್ಲಿ "ಉಪನ್ಯಾಸ್" ಅಂದರೆ ಕಾದಂಬರಿ. ನಮ್ಮ ಅವಕಾಶ ಅಲ್ಲಿ ರಜೆ, ನಮ್ಮ ಅವಸರ ಅಲ್ಲಿ ಅವಕಾಶ. ಅನುಮಾನ ಅಂದಾಜು, ಶಿಕ್ಷೆ ವಿದ್ಯೆ, ಚೇಷ್ಟೆ ಪ್ರಯತ್ನ, ಸಮಾಧಾನ ಪರಿಹಾರ, ಉಪಚಾರ ಚಿಕಿತ್ಸೆ, ಉದ್ಯೋಗ ಕೈಗಾರಿಕೆ, ವ್ಯವಸಾಯ ದಂಧೆ. ಸಂಬಂಧ ಕೆಡಿಸುವಂಥದ್ದು ಆಲೋಚನೆ. "ಆಪ್ ಕೀ ಬಾತ್ ಪರ್ ಆಲೋಚನಾ ಕರೂಂಗಾ" ಅಂದರೆ ನಿಮ್ಮ ಮಾತನ್ನು ಟೀಕಿಸುತ್ತೇನೆ ಎಂದು. "ಸೋಚ್ ಕರ್ ಬತಾತಾ ಹೂಂ" ಅನ್ನಿ.

ಸಾವಿನ ಸುದ್ದಿಗೆ ಪದ ಆರಿಸುವಾಗ ಮನೆ ನೋಡಬೇಕು. "ಮರ್ ಗಯೇ" ಬೇಡ. "ನಹೀಂ ರಹೇ", "ಗುಜರ್ ಗಯೇ" ಎಲ್ಲರಿಗೂ ಸಲ್ಲುತ್ತವೆ. "ದೇಹಾಂತ್", "ಸ್ವರ್ಗವಾಸ್" ಹಿಂದೂ ಮನೆಗಳಲ್ಲಿ, "ಇಂತಕಾಲ್" ಸಾಮಾನ್ಯವಾಗಿ ಮುಸ್ಲಿಂ ಮನೆಗಳಲ್ಲಿ, "ನಿಧನ್" ಪತ್ರಿಕೆಯಲ್ಲಿ.

ನೆಂಟಸ್ತಿಕೆಯ ಪದಗಳಲ್ಲಿ ಸಮಾಜವೇ ಬೇರೆ. ನಮ್ಮ ಅತ್ತೆ ಅಲ್ಲಿ "ಸಾಸ್", "ಬುಆ", "ಮಾಮೀ" ಎಂದು ಮೂವರಾಗುತ್ತಾಳೆ. ಮಾವ "ಸಸುರ್", "ಮಾಮಾ", "ಫೂಫಾ" ಆಗುತ್ತಾನೆ. ಸೋದರಿಕೆಯ ಮದುವೆ ಇರುವ ನಮಗೆ ಒಂದೇ ಪದ ಸಾಕಾಗಿತ್ತು. ಉತ್ತರದ ಹಿಂದೂ ಮನೆಗಳಲ್ಲಿ ಬುಆಳ ಮಗ ಅಣ್ಣ, ಅವನಿಗೆ ರಾಖಿ ಕಟ್ಟುತ್ತಾರೆ. ಹಾಗಾಗಿ "ಮಾಮಾ ಸೇ ಶಾದೀ ಹುಈ" ಎಂದು ಸಹಜವಾಗಿ ಹೇಳಿದರೆ ಊಟದ ಮೇಜು ಸ್ತಬ್ಧವಾಗುತ್ತದೆ. "ಹಮಾರೇ ಯಹಾಂ ಇಸ್ ಕಾ ರಿವಾಜ್ ಹೈ" ಎಂದು ಮುಂಚೆಯೇ ಸೇರಿಸಿ. ಹೆಂಡತಿಯ ಅಣ್ಣನನ್ನು ಪರಿಚಯಿಸುವಾಗ ಬರೀ "ಸಾಲಾ" ಬೇಡ, ಅದು ಬೈಗುಳವೂ ಹೌದು. "ಮೇರೇ ಸಾಲೇ ಸಾಹಬ್" ಅಥವಾ "ಮೇರೀ ಪತ್ನೀ ಕೇ ಭಾಈ".

ಉಚ್ಚಾರದ ಬಗ್ಗೆ ಚುಟುಕಾಗಿ. "ಕಹನಾ", "ಪಹಲಾ", "ಬಹನ್" ಇವು ಬಾಯಲ್ಲಿ ಕೆಹ್ನಾ, ಪೆಹ್ಲಾ, ಬೆಹೆನ್ ಆಗುತ್ತವೆ. "ವಹ್", "ಯಹ್" ವೋ, ಯೇ ಆಗುತ್ತವೆ. ನುಕ್ತಾ (ಅಕ್ಷರದ ಕೆಳಗಿನ ಚುಕ್ಕೆ) ಇರುವ ಜ಼, ಫ಼ ಕಲಿತ ಹುರುಪಿನಲ್ಲಿ "ಫಿರ್", "ಫಲ್" ಇವಕ್ಕೂ ಗಾಳಿ ಊದುವುದು ಅಲ್ಲಿಯವರೇ ಮಾಡುವ ತಪ್ಪು, ನಾವು ಎರವಲು ತರಬೇಕಿಲ್ಲ. ಲಿಂಗದ ತಪ್ಪಿಗೆ ವಿಪರೀತ ಹೆದರಬೇಡಿ. "ದಹೀ" ಪುಲ್ಲಿಂಗ ಎಂದು ನಿಘಂಟು ಹೇಳಿದರೂ "ಖಟ್ಟೀ ದಹೀ" ಅನ್ನುವವರು ದೆಹಲಿಯಲ್ಲೇ ಎಷ್ಟೋ ಜನ.

ಅಭ್ಯಾಸಕ್ಕೆ ಒಂದು ವಿಧಾನ ಕೆಲಸ ಮಾಡುತ್ತದೆ. ಸಂದರ್ಶನದ ಅಥವಾ ರೇಡಿಯೊ ಹರಟೆಯ ಒಂದು ನಿಮಿಷದ ತುಣುಕು ತೆಗೆದುಕೊಳ್ಳಿ, ಇಬ್ಬರು ಮಾತಾಡುವಂಥದ್ದು, ಸುದ್ದಿವಾಚನ ಬೇಡ. ಮೊದ್ಲು ಅದನ್ನು ಆಡುಗನ್ನಡಕ್ಕೆ ಬರೆದುಕೊಳ್ಳಿ, ನಿಮ್ಮ ಊರಿನ ಕನ್ನಡಕ್ಕೆ. ಮಾರನೆಯ ದಿನ ಆ ಕನ್ನಡ ಮಾತ್ರ ನೋಡಿ ಹಿಂದಿಗೆ ತಿರುಗಿಸಿ ಧ್ವನಿಮುದ್ರಿಸಿ. ಆಮೇಲೆ ಮೂಲದ ಜೊತೆ ಹೋಲಿಸಿ. ನಿಮ್ಮಲ್ಲಿ ಬಿಟ್ಟುಹೋದ "ತೋ", "ಜರಾ", "ಲೇ", "ದೇ" ಎಷ್ಟು, ಹೆಚ್ಚಾಗಿ ಸೇರಿದ "ಸಕ್ತಾ", "ಚಾಹಿಯೇ", "ಕೃಪಯಾ" ಎಷ್ಟು ಎಂದು ಗುರುತು ಹಾಕಿ. ವ್ಯಾಕರಣದ ತಪ್ಪನ್ನು ಆ ಹೊತ್ತಿಗೆ ಲೆಕ್ಕಕ್ಕೆ ಹಿಡಿಯಬೇಡಿ. ಎರಡನ್ನೂ ಒಟ್ಟಿಗೆ ತಿದ್ದಲು ಹೋದರೆ ಬಾಯಿ ಕಟ್ಟಿಹೋಗುತ್ತದೆ.

ಕೊನೆಗೆ ಸಭೆಯಿಂದ ಬಂದ ಪ್ರಶ್ನೆ: ವಾಟ್ಸಾಪಿನಲ್ಲಿ ಹಿರಿಯರಿಗೆ ಉತ್ತರಿಸುವುದು ಹೇಗೆ? ಬರೀ "ಹಾಂ" ಅಥವಾ "ಠೀಕ್ ಹೈ" ಒಣಗಿದಂತೆ ಕಾಣುತ್ತದೆ. "ಜೀ" ಒಂದೇ ಸಾಕು, ಇಲ್ಲವೇ "ಜೀ, ಠೀಕ್ ಹೈ". ಅರ್ಥವಾಗದಿದ್ದರೆ "ಕ್ಯಾ?" ಬೇಡ, "ಜೀ?" ಅನ್ನಿ. ಹೆಸರಿನ ಕೊನೆಗೆ "ಜೀ" ಹಾಕಿ, ಮೊದಲ ಹೆಸರಾದರೂ ಮನೆತನದ ಹೆಸರಾದರೂ ಸರಿ. ಕೆಲಸ ಕೂಡಲೇ ಮಾಡುವುದಾದರೆ "ಭೇಜೂಂಗಾ" ಬರೆಯಬೇಡಿ, ಅದು ಯಾವತ್ತೋ ಒಂದು ದಿನ ಎಂದಾಗಬಹುದು. "ಜೀ, ಅಭೀ ಭೇಜ್ತಾ ಹೂಂ" ಅಂದರೆ ಈಗಲೇ ಕಳಿಸ್ತೀನಿ. ನಮ್ಮ ಕಳಿಸ್ತೀನಿಯಲ್ಲಿ ಎರಡೂ ಅಡಗಿವೆ, ಆದ್ದರಿಂದ ಆ "ಅಭೀ" ಬಿಡಬೇಡಿ. ಬರೆದ ಮೇಲೆ ನಿಜಕ್ಕೂ ಕಳಿಸಿ, ಇಲ್ಲವಾದರೆ "ಭೇಜ್ತಾ ಹೂಂ" ಅನ್ನುತ್ತಲೇ ಇರುವವರ ಸಾಲಿಗೆ ನಿಮ್ಮನ್ನೂ ಸೇರಿಸುತ್ತಾರೆ. ಅಂಥವರು ಅಲ್ಲೂ ಕಡಿಮೆಯಿಲ್ಲ.